ಮಲೆನಾಡಿನ ಕಲ್ಲು, ಮಣ್ಣು, ಹೆಂಚುಗಳಿಂದ ಗೇಮ್ ಟೈಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಕೂತು ಸ್ವಂತ ಗೇಮ್ ಮಾಡಲು ಹೊರಟವರು ಕೇಳುವ ಪ್ರಶ್ನೆಗಳಿವು. ಉದಾಹರಣೆಗಳು ಹೆಚ್ಚಾಗಿ ಚಿತ್ರ ತಿದ್ದುವ ಸಾಫ್ಟ್‌ವೇರ್ ಆದ ಜಿಂಪ್‌ನವು, ಕಾರಣ ಅದು ಪುಕ್ಕಟೆ ಸಿಗುತ್ತದೆ. ಬೇರೆ ಸಾಫ್ಟ್‌ವೇರ್ ಬಳಸುವವರಿಗೆ ಮೆನುವಿನ ಹೆಸರು ಬದಲಾಗಬಹುದು, ಕೆಲಸ ಬದಲಾಗುವುದಿಲ್ಲ.

ಟೈಲ್ ಅಂದರೆ ಇಲ್ಲಿ ಏನು?

ಒಂದು ಚೌಕದ ಚಿತ್ರ. ಪಕ್ಕ ಪಕ್ಕ, ಮೇಲೆ ಕೆಳಗೆ ಎಷ್ಟು ಸಲ ಜೋಡಿಸಿದರೂ ನಡುವೆ ಗೆರೆ ಕಾಣಬಾರದು. ಗೇಮ್‌ನಲ್ಲಿ ಒಂದು ಇಡೀ ಊರಿನ ನೆಲಕ್ಕೆ ಅಷ್ಟೇ ದೊಡ್ಡ ಚಿತ್ರ ಹಾಕಲು ಹೋದರೆ ಮೆಮೊರಿ ಸಾಲುವುದಿಲ್ಲ. ಅದಕ್ಕೇ ಎರಡು ಮೀಟರ್ ನೆಲದ ಚಿತ್ರ ಮಾಡಿ ಅದನ್ನೇ ಹಾಸುತ್ತಾ ಹೋಗುತ್ತೇವೆ.

ಫೋಟೊಶಾಪ್ ಇಲ್ಲದೆ ಆಗುತ್ತದಾ?

ಧಾರಾಳವಾಗಿ ಆಗುತ್ತದೆ. ಫೋಟೊದಿಂದ ಟೈಲ್ ಮಾಡಲು ಜಿಂಪ್ ಸಾಕು. ಕೈಯಲ್ಲಿ ಬಿಡಿಸುವವರಿಗೆ ಕ್ರಿಟಾ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಇನ್ನೂ ಚೆನ್ನ. ಅದರಲ್ಲಿ ಕೀಬೋರ್ಡಿನ 'ಡಬ್ಲ್ಯೂ' ಒತ್ತಿದರೆ ನಿಮ್ಮ ಚಿತ್ರ ನಾಲ್ಕೂ ದಿಕ್ಕಿಗೆ ಹಾಸಿಕೊಂಡು ನಿಲ್ಲುತ್ತದೆ. ಬಲ ಅಂಚಿನಿಂದ ಹೊರಗೆ ಹೋದ ಬ್ರಷ್ ಎಡ ಅಂಚಿನಿಂದ ಒಳಗೆ ಬರುತ್ತದೆ. ಬಿಡಿಸುತ್ತಿರುವಾಗಲೇ ಟೈಲ್ ಕಣ್ಣೆದುರಿಗೆ ಇರುತ್ತದೆ. ಈ ಒಂದು ಅನುಕೂಲಕ್ಕೇ ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ.

ಎಷ್ಟು ಅಳತೆಯ ಚಿತ್ರ ಮಾಡಬೇಕು?

256, 512, 1024, 2048 ಹೀಗೆ ದುಪ್ಪಟ್ಟಾಗುತ್ತಾ ಹೋಗುವ ಅಳತೆಗಳೇ ಒಳ್ಳೆಯದು. ದೂರದ ವಸ್ತುಗಳಿಗಾಗಿ ಗೇಮ್ ಎಂಜಿನ್ (ಗೇಮ್ ನಡೆಸುವ ಸಾಫ್ಟ್‌ವೇರ್) ಚಿತ್ರವನ್ನು ಅರ್ಧ, ಅದರ ಅರ್ಧ ಎಂದು ಕುಗ್ಗಿಸಿ ಇಟ್ಟುಕೊಳ್ಳುತ್ತದೆ. ಈ ಅಳತೆಗಳಿಗೆ ಅದು ಸಲೀಸು.

ಅದಕ್ಕಿಂತ ಮುಖ್ಯವಾದದ್ದು, ಒಂದು ಮೀಟರಿಗೆ ಎಷ್ಟು ಪಿಕ್ಸೆಲ್ ಅನ್ನುವುದು. ಮೀಟರಿಗೆ 512 ಎಂದು ನಿಶ್ಚಯಿಸಿದರೆ ಎರಡು ಮೀಟರ್ ಗೋಡೆಗೆ 1024 ಆಯಿತು. ಒಮ್ಮೆ ನಿಶ್ಚಯಿಸಿದ ಮೇಲೆ ನೆಲ, ಗೋಡೆ, ಮೆಟ್ಟಿಲು ಎಲ್ಲಕ್ಕೂ ಅದೇ ಲೆಕ್ಕ ಇರಲಿ. ಗೋಡೆ ಕನ್ನಡಿಯಷ್ಟು ಸ್ಪಷ್ಟ, ಪಕ್ಕದ ಅಂಗಳ ಮಸುಕು ಅಂತಾದರೆ ಆಡುವವರಿಗೆ ಏನೋ ಸರಿ ಇಲ್ಲ ಅಂತ ಅನ್ನಿಸುತ್ತದೆ, ಏನು ಅಂತ ಹೇಳಲು ಬರುವುದಿಲ್ಲ. ಫೋಟೊ ತೆಗೆಯುವಾಗ ಟೇಪು ಹಿಡಿದು ಒಂದು ಫೋಟೊ ಬೇರೆಯಾಗಿ ತೆಗೆದಿಡಿ, ಆಮೇಲೆ ಅಳತೆ ಊಹಿಸುವ ಪಾಡು ಇರುವುದಿಲ್ಲ.

ಫೋಟೊ ಯಾವಾಗ ತೆಗೆಯಬೇಕು? ಮಳೆಗಾಲದಲ್ಲಿ ಬೆಳಕೇ ಇರುವುದಿಲ್ಲವಲ್ಲ?

ಬೇರೆ ಊರಿನವರು ಮೋಡ ಬರಲಿ ಅಂತ ಕಾಯುತ್ತಾರೆ. ನಮಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡಕ್ಕೇನೂ ಬರ ಇಲ್ಲ. ಟೈಲ್‌ಗೆ ಬೇಕಾದದ್ದು ನೆರಳೇ ಬೀಳದ ಬೆಳಕು. ಬಿಸಿಲಿನಲ್ಲಿ ತೆಗೆದ ಕಲ್ಲಿನ ಗೋಡೆಯ ಪ್ರತಿ ಸಂದಿನಲ್ಲೂ ಒಂದೇ ದಿಕ್ಕಿನ ಕಪ್ಪು ನೆರಳು ಕೂತಿರುತ್ತದೆ. ಗೇಮ್‌ನಲ್ಲಿ ಸೂರ್ಯ ಇನ್ನೊಂದು ಕಡೆಯಿಂದ ಬಂದರೆ ಗೋಡೆ ಒಂದು ಹೇಳುತ್ತದೆ, ಸೂರ್ಯ ಒಂದು ಹೇಳುತ್ತದೆ. ಮೋಡ ಕವಿದ ಆಗುಂಬೆಯ ಮಧ್ಯಾಹ್ನದಲ್ಲಿ ಈ ತಾಪತ್ರಯವೇ ಇಲ್ಲ.

ಆದರೆ ನೆನೆದ ಕಲ್ಲು ಬೇಡ. ನೆನೆದ ಮೇಲ್ಮೈ ಕಪ್ಪಾಗುತ್ತದೆ, ಮೇಲೆ ಆಕಾಶದ ಬಿಳಿ ಹೊಳಪು ಬೇರೆ. ಆ ಹೊಳಪನ್ನು ಆಮೇಲೆ ಅಳಿಸುವುದು ತುಂಬಾ ಕಷ್ಟ. ಮಳೆ ಬಿಟ್ಟು ಒಂದೆರಡು ದಿನ ಹೊಳವಾದಾಗ, ಮೋಡ ಇದ್ದೂ ಗೋಡೆ ಒಣಗಿದ ಹೊತ್ತು ನೋಡಿ. ಸೂರಿನ ಕೆಳಗಿನ ಗೋಡೆಯಾದರೆ ಮಳೆಯಲ್ಲೂ ಒಣಗಿಯೇ ಇರುತ್ತದೆ. ಒದ್ದೆ ಕಾಣಿಸುವ ಕೆಲಸವನ್ನು ಗೇಮ್ ಒಳಗೆ ಮಾಡಬಹುದು, ಅದನ್ನು ಕೆಳಗೆ ಹೇಳಿದ್ದೇನೆ.

ಇನ್ನು ತೋಟ. ಅಡಿಕೆ ತೋಟದೊಳಗೆ ಬೆಳಕು ಎಲೆಗಳಿಂದ ಸೋಸಿ ಬರುವುದರಿಂದ ನೆಲ, ಕಾಂಡ ಎಲ್ಲಕ್ಕೂ ಹಸಿರು ಛಾಯೆ ಹತ್ತಿರುತ್ತದೆ. ನಮ್ಮ ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಬಿಳಿ ಹಾಳೆ ಇಟ್ಟು ಅದೇ ಬೆಳಕಿನಲ್ಲಿ ಒಂದು ಫೋಟೊ ತೆಗೆಯಿರಿ. ಜಿಂಪ್‌ನ 'ಲೆವೆಲ್ಸ್'ನಲ್ಲಿ ಬಿಳಿ ಬಿಂದು ಆರಿಸುವ ಪಿಪೆಟ್ ಇದೆ. ಅದನ್ನು ಹಾಳೆಯ ಮೇಲೆ ಒತ್ತಿ, ಬಂದ ಸೆಟ್ಟಿಂಗನ್ನು ಉಳಿದ ಫೋಟೊಗಳಿಗೂ ಹಾಕಿದರೆ ಹಸಿರು ಇಳಿಯುತ್ತದೆ.

ಮೊಬೈಲ್ ಸಾಕು. ತೀರಾ ಹತ್ತಿರ ಹೋಗಬೇಡಿ, ಅಂಚುಗಳು ಬಾಗುತ್ತವೆ. ಎರಡು ಹೆಜ್ಜೆ ಹಿಂದೆ ನಿಂತು ಸ್ವಲ್ಪ ಜೂಮ್ ಮಾಡಿ, ಗೋಡೆಗೆ ನೇರ ಎದುರಾಗಿ ತೆಗೆಯಿರಿ. ಸ್ವಲ್ಪ ಓರೆ ಬಂದಿದ್ದರೆ ಜಿಂಪ್‌ನ 'ಪರ್ಸ್ಪೆಕ್ಟಿವ್' ಟೂಲ್‌ನಲ್ಲಿ ನೇರ ಮಾಡಬಹುದು.

ಯಾವ ಜಾಗದ ಫೋಟೊ ಒಳ್ಳೆಯ ಟೈಲ್ ಆಗುತ್ತದೆ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ, ಆದರೆ ಕೇಳುವವರು ಕಡಿಮೆ. ಎಲ್ಲರಿಗೂ ಚಿಂತೆ ಅಂಚಿನದು. ಅಂಚು ಕೂಡಿಸುವುದು ಹತ್ತು ನಿಮಿಷದ ಕೆಲಸ. ಟೈಲ್ ಕೆಡುವುದು ಅಂಚಿನಿಂದ ಅಲ್ಲ, ನಡುವೆ ಕಣ್ಣಿಗೆ ಹೊಡೆಯುವ ಒಂದು ವಸ್ತುವಿನಿಂದ.

ಜಂಬಿಟ್ಟಿಗೆ ಕಲ್ಲಿನ (ತೂತು ತೂತಾದ ಕೆಂಪು ಕಲ್ಲು) ಪಾಗಾರವನ್ನೇ, ಅಂದರೆ ಕಾಂಪೌಂಡ್ ಗೋಡೆಯನ್ನೇ ತಗೊಳ್ಳಿ. ಸಾಗರದ ಕಡೆ ಮನೆ ಮನೆಗೂ ಇದೆ. ಫೋಟೊ ತೆಗೆಯಲು ಹೋದಾಗ ಕೈ ತಾನಾಗಿಯೇ ಚಂದದ ಜಾಗಕ್ಕೆ ಹೋಗುತ್ತದೆ. ಸಂದಿನಲ್ಲಿ ಒಂದು ಪುಟ್ಟ ಜರಿಗಿಡ ಬೆಳೆದಿದೆ, ಒಂದು ಕಲ್ಲಿನ ಮೂಲೆ ಒಡೆದು ಕೆಂಪು ಕಾಣುತ್ತಿದೆ, ಅಲ್ಲೇ ಫೋಟೊ. ಒಂದೇ ಫೋಟೊ ಆಗಿ ನೋಡಿದರೆ ಸೊಗಸು. ಅದನ್ನು ಉದ್ದಕ್ಕೆ ಇಪ್ಪತ್ತು ಸಲ ಹಾಸಿ ನೋಡಿ. ಒಂದೇ ಜರಿಗಿಡ, ಒಂದೇ ಎಲೆ ಬಾಗಿಸಿಕೊಂಡು, ಸಮ ಅಂತರದಲ್ಲಿ ಇಪ್ಪತ್ತು ಸಲ ನಿಂತಿರುತ್ತದೆ. ಅಲ್ಲಿಗೆ ಅದು ಗೋಡೆಯಲ್ಲ, ಬಟ್ಟೆ ಅಂಗಡಿಯ ಪ್ರಿಂಟು.

ಹಾಗಾಗಿ ಬೇಜಾರು ಬರಿಸುವ ಜಾಗ ಹುಡುಕಿ. ಕಲ್ಲುಗಳೆಲ್ಲ ಸುಮಾರು ಒಂದೇ ಬಣ್ಣ, ಪಾಚಿ ಎಲ್ಲ ಕಡೆ ಸಮನಾಗಿ ಹರಡಿದೆ, ಯಾವ ಕಲ್ಲೂ ನೆನಪಿನಲ್ಲಿ ಉಳಿಯುವುದಿಲ್ಲ, ಅಂಥದ್ದು. ಜರಿಗಿಡದ ಫೋಟೊವನ್ನೂ ತೆಗೆಯಿರಿ, ಆದರೆ ಬೇರೆ ಫೈಲ್ ಆಗಿ. ಹಿನ್ನೆಲೆ ಅಳಿಸಿ ಪಾರದರ್ಶಕ ಮಾಡಿ ಇಟ್ಟರೆ ಗೇಮ್‌ನಲ್ಲಿ ಬೇಕಾದ ಒಂದೆರಡು ಕಡೆ ಗೋಡೆಯ ಮೇಲೆ ಅಂಟಿಸಬಹುದು. ಇದಕ್ಕೆ 'ಡೆಕಾಲ್' ಅನ್ನುತ್ತಾರೆ. ಚಂದ ಎಲ್ಲ ಡೆಕಾಲ್‌ಗೆ, ಟೈಲ್‌ಗೆ ಉಳಿದದ್ದು.

ತೋಟದ ದರಕು (ಉದುರಿದ ಒಣ ಎಲೆ), ಹೊಸದಾಗಿ ಕಡಿದ ಧರೆಯ (ದಿಬ್ಬದ ಕಡಿದಾದ ಬದಿ) ಕೆಂಪು ಮಣ್ಣು, ಸಗಣಿ ಸಾರಿಸಿದ ಅಂಗಳ, ಬೇಸಿಗೆಯಲ್ಲಿ ಶರಾವತಿ ಹಿನ್ನೀರು ಇಳಿದ ಮೇಲೆ ಬಿರುಕು ಬಿಟ್ಟ ಕೆಸರು, ಇವೆಲ್ಲ ಬಹಳ ಒಳ್ಳೆಯ ಟೈಲ್ ಆಗುತ್ತವೆ. ಹಾಸುಗಲ್ಲು ಬೇಕಿದ್ದರೆ ತೀರ್ಥಹಳ್ಳಿ ಹತ್ತಿರದ ಕವಲೇದುರ್ಗಕ್ಕೆ ಹತ್ತುವ ದಾರಿ ನೋಡಿ. ಅಡಿಕೆ ಒಣಗಲು ಹರಡಿದ ಅಂಗಳ ಮಾತ್ರ ಕಾಣುವಷ್ಟು ಸುಲಭ ಅಲ್ಲ. ಪ್ರತಿ ಅಡಿಕೆಯೂ ಬಿಡಿಯಾಗಿ ಕಾಣುತ್ತದೆ, ಅಂಚಿನಲ್ಲಿ ಒಂದು ಅರ್ಧಕ್ಕೆ ತುಂಡಾದರೂ ಕಣ್ಣಿಗೆ ಬೀಳುತ್ತದೆ.

ಅಂಚು ಕೂಡಿಸುವುದು ಹೇಗೆ? ಒಂದೊಂದಾಗಿ ಹೇಳಿ.

ಫೋಟೊವನ್ನು ಚೌಕ ಮಾಡಿ ಕತ್ತರಿಸಿ. ಜಂಬಿಟ್ಟಿಗೆ ಗೋಡೆಯಾದರೆ ಎಲ್ಲೆಂದರಲ್ಲಿ ಕತ್ತರಿಸಬೇಡಿ. ಮೇಲಿನ ಅಂಚು ಒಂದು ಅಡ್ಡ ಸಂದಿನ ಮಧ್ಯ ಬರಲಿ, ಕೆಳಗಿನ ಅಂಚೂ ಇನ್ನೊಂದು ಅಡ್ಡ ಸಂದಿನ ಮಧ್ಯವೇ ಬರಲಿ. ವರಸೆ (ಕಲ್ಲಿನ ಸಾಲು) ಬಿಟ್ಟು ವರಸೆ ಕಲ್ಲು ಸರಿದು ಕೂತಿರುವುದರಿಂದ ಒಳಗೆ ಇರುವ ವರಸೆಗಳ ಸಂಖ್ಯೆ ಸಮ ಇರಬೇಕು: ನಾಲ್ಕು, ಆರು, ಹೀಗೆ. ಐದು ವರಸೆ ತಗೊಂಡರೆ ಮೇಲಿನ ಟೈಲ್ ಕೂಡುವ ಕಡೆ ಎರಡು ಉದ್ದ ಸಂದು ಒಂದರ ಮೇಲೊಂದು ನಿಲ್ಲುತ್ತವೆ. ಗಾರೆ ಕೆಲಸ ಗೊತ್ತಿದ್ದವರು ನೋಡಿದರೆ ಗೋಡೆ ಬೀಳುತ್ತದೆ ಅನ್ನುತ್ತಾರೆ.

ಈಗ 'ಲೇಯರ್' (ಚಿತ್ರದ ಒಂದು ಪದರ) ಮೆನುವಿನಲ್ಲಿ 'ಟ್ರಾನ್ಸ್‌ಫಾರ್ಮ್', ಅದರೊಳಗೆ 'ಆಫ್‌ಸೆಟ್'. ಅಲ್ಲಿ ಅಗಲದ ಅರ್ಧ, ಎತ್ತರದ ಅರ್ಧ ಸರಿಸುವ ಬಟನ್ ಇದೆ. ಸುತ್ತಿಬರುವ 'ರ‍್ಯಾಪ್ ಅರೌಂಡ್' ಆಯ್ಕೆ ಒತ್ತಿರಬೇಕು. ಒತ್ತಿದರೆ ನಾಲ್ಕು ಅಂಚುಗಳೂ ಚಿತ್ರದ ಮಧ್ಯಕ್ಕೆ ಬಂದು ಕೂಡಿಸುವ ಗುರುತಿನ ಹಾಗೆ ನಿಲ್ಲುತ್ತವೆ. ಈಗಿನ ಹೊರ ಅಂಚುಗಳು ಮೊದಲು ಚಿತ್ರದ ನಟ್ಟನಡುವೆ ಅಕ್ಕಪಕ್ಕ ಇದ್ದವು, ಹಾಗಾಗಿ ಅವು ತಾನಾಗಿಯೇ ಕೂಡುತ್ತವೆ. ನಿಮಗೆ ಉಳಿದ ಕೆಲಸ ನಡುವಿನ ಗೆರೆ ಅಳಿಸುವುದು ಮಾತ್ರ.

ಗೆರೆ ಅಳಿಸಲು ಎರಡು ಟೂಲ್ ಇವೆ, 'ಹೀಲ್' ಮತ್ತು 'ಕ್ಲೋನ್'. ಮಣ್ಣು, ಹುಲ್ಲು, ದರಕಿಗೆ ಹೀಲ್ ಚೆನ್ನ, ಸುತ್ತಲಿನ ಬಣ್ಣಕ್ಕೆ ತಾನೇ ಹೊಂದಿಸಿಕೊಳ್ಳುತ್ತದೆ. ಕಲ್ಲಿನ ಸಂದಿನ ಹತ್ತಿರ ಅದೇ ಗುಣ ತೊಂದರೆ ಕೊಡುತ್ತದೆ. ಕಪ್ಪು ಸಂದು, ಕೆಂಪು ಕಲ್ಲು ಎರಡನ್ನೂ ಕಲಸಿ ಮಸಿ ಒರೆಸಿದ ಹಾಗೆ ಮಾಡಿಬಿಡುತ್ತದೆ. ಅಲ್ಲಿ ಕ್ಲೋನ್ ಬಳಸಿ, ಅದು ಚಿತ್ರದ ಒಂದು ಜಾಗವನ್ನು ಇನ್ನೊಂದು ಜಾಗಕ್ಕೆ ಇದ್ದ ಹಾಗೇ ನಕಲು ಮಾಡುತ್ತದೆ. ಹೊಸ ಖಾಲಿ ಲೇಯರ್ ಮಾಡಿಕೊಂಡು, 'ಸ್ಯಾಂಪಲ್ ಮರ್ಜ್ಡ್' ಗುರುತು ಹಾಕಿ, ಆ ಲೇಯರಿನ ಮೇಲೆ ಕ್ಲೋನ್ ಮಾಡಿದರೆ ಕೆಟ್ಟದ್ದನ್ನು ಅಳಿಸಿ ಮತ್ತೆ ಮಾಡಬಹುದು. ಬ್ರಷ್ ಅಂಚು ತೀರಾ ಮೃದು ಬೇಡ. ಮೃದು ಬ್ರಷ್ ಜಂಬಿಟ್ಟಿಗೆಯ ಸಣ್ಣ ಸಣ್ಣ ತೂತುಗಳನ್ನೆಲ್ಲ ಮಸುಕು ಮಾಡುತ್ತದೆ, ಆ ತೂತುಗಳು ಹೋದರೆ ಅದು ಜಂಬಿಟ್ಟಿಗೆಯೇ ಅಲ್ಲ.

ಒಂದು ಎಚ್ಚರ. ಕೆಲಸ ಮಾಡುವಾಗ ಈಗಿನ ಹೊರ ಅಂಚನ್ನು ಮುಟ್ಟಬೇಡಿ. ಮುಟ್ಟಿದರೆ ಅಲ್ಲಿ ಹೊಸ ಗೆರೆ ಹುಟ್ಟುತ್ತದೆ. ಮುಗಿದ ಮೇಲೆ ಲೇಯರ್‌ಗಳನ್ನು ಒಂದು ಮಾಡಿ ಇನ್ನೊಮ್ಮೆ ಆಫ್‌ಸೆಟ್ ಮಾಡಿ ನೋಡಿ. ಆಗಲೂ ಗೆರೆ ಕಾಣದಿದ್ದರೆ ಸರಿಯಾಯಿತು.

ಒಂದೇ ಕ್ಲಿಕ್ಕಿನಲ್ಲಿ ಮಾಡುವ ಫಿಲ್ಟರ್ ಇದೆಯಲ್ಲ, ಅದು ಸಾಲದಾ?

'ಫಿಲ್ಟರ್ಸ್' ಮೆನುವಿನ 'ಮ್ಯಾಪ್' ಒಳಗೆ 'ಟೈಲ್ ಸೀಮ್‌ಲೆಸ್' ಇದೆ. ಅದು ಚಿತ್ರದ ಸರಿಸಿದ ಪ್ರತಿಯನ್ನು ಮೂಲದ ಜೊತೆ ಕರಗಿಸಿ ಕೂಡಿಸುತ್ತದೆ. ಮರಳು, ಹುಲ್ಲಿಗೆ ನಡೆಯುತ್ತದೆ. ಕಲ್ಲು, ಹೆಂಚು, ಹಲಗೆಗೆ ಹಾಕಿದರೆ ಒಂದರ ಮೇಲೊಂದು ಎರಡು ಗೋಡೆ ಕಂಡು ಭೂತದ ಮನೆ ಆಗುತ್ತದೆ.

ಚಿತ್ರದ ಒಂದು ಮೂಲೆ ಕಪ್ಪು, ಇನ್ನೊಂದು ಬಿಳಿ. ಹಾಸಿದಾಗ ಚೌಕ ಚೌಕ ಕಾಣುತ್ತದೆ. ಏನು ಮಾಡಲಿ?

ಇದನ್ನು ಆಫ್‌ಸೆಟ್‌ಗೆ ಮೊದಲೇ ಸರಿ ಮಾಡಬೇಕು. ಲೇಯರಿನ ಪ್ರತಿ ಮಾಡಿ. ಮೇಲಿನ ಪ್ರತಿಯ ಬಣ್ಣ ತೆಗೆದು ಬರೀ ಬೂದು ಮಾಡಿ. ಅದಕ್ಕೆ 'ಗಾಸಿಯನ್ ಬ್ಲರ್' ಜೋರಾಗಿ ಹಾಕಿ, 1024ರ ಚಿತ್ರಕ್ಕೆ 100 ಅಥವಾ ಅದಕ್ಕೂ ಜಾಸ್ತಿ. ಕಲ್ಲು ಯಾವುದು, ಸಂದು ಯಾವುದು ಗೊತ್ತಾಗಬಾರದು, ಬೆಳಕು ಕತ್ತಲೆ ಮಾತ್ರ ಉಳಿಯಬೇಕು. ಆ ಲೇಯರಿನ ಮೋಡ್ 'ಗ್ರೇನ್ ಎಕ್ಸ್‌ಟ್ರಾಕ್ಟ್' ಮಾಡಿ. ದೊಡ್ಡ ಬೆಳಕಿನ ವ್ಯತ್ಯಾಸ ಕಳೆದುಹೋಗಿ ಸಣ್ಣ ವಿವರ, ಬಣ್ಣ ಉಳಿಯುತ್ತವೆ. ಚಿತ್ರ ಸ್ವಲ್ಪ ಸಪ್ಪೆ ಆಗುತ್ತದೆ, ಲೆವೆಲ್ಸ್‌ನಲ್ಲಿ ಸರಿ ಮಾಡಿಕೊಳ್ಳಿ.

ಗೆರೆ ಇಲ್ಲ, ಆದರೂ ದೂರದಿಂದ ನೋಡಿದರೆ ಒಂದೇ ಚಿತ್ರ ಮತ್ತೆ ಮತ್ತೆ ಬಂದದ್ದು ಗೊತ್ತಾಗುತ್ತದೆ.

ಮೊದಲು ಅಪರಾಧಿಯನ್ನು ಹುಡುಕಿ. ಟೈಲನ್ನು ಆರು ಸಲ ಅಡ್ಡ, ಆರು ಸಲ ಉದ್ದ ಹಾಸಿ, ಚಿತ್ರವನ್ನು ಚಿಕ್ಕದು ಮಾಡಿ, ಕಣ್ಣು ಅರ್ಧ ಮುಚ್ಚಿ ನೋಡಿ. ಯಾವ ಚುಕ್ಕೆ ಸಾಲಾಗಿ ಕಾಣುತ್ತದೋ ಅದನ್ನು ಕ್ಲೋನ್‌ನಿಂದ ಅಳಿಸಿ. ಮತ್ತೆ ನೋಡಿ. ಮೊದಲನೆಯದು ಹೋದ ಮೇಲೆ ಎರಡನೆಯದು ಕಾಣಿಸುತ್ತದೆ. ನಾಲ್ಕೈದು ಸುತ್ತಿಗೆ ತಣ್ಣಗಾಗುತ್ತದೆ.

ಅಳಿಸಿ ಅಳಿಸಿ ತೀರಾ ಬೋಳಾಯಿತು ಅನ್ನಿಸಿದರೆ ಹೆದರಬೇಡಿ. ವೈವಿಧ್ಯವನ್ನು ಮೇಲಿನಿಂದ ತರಬೇಕು. ಅದೇ ಟೈಲಿನ ಮೂರು ನಾಲ್ಕು ರೂಪ ಮಾಡಿ: ಅಂಚು ಎಲ್ಲದರಲ್ಲೂ ಅದೇ, ನಡುವಿನ ಕಲ್ಲುಗಳು ಮಾತ್ರ ಬೇರೆ. ಯಾವ ಕ್ರಮದಲ್ಲಿ ಹಾಸಿದರೂ ಕೂಡುತ್ತವೆ. ಇಲ್ಲದಿದ್ದರೆ ಗೇಮ್ ಎಂಜಿನ್‌ನಲ್ಲಿ ಟೈಲಿನ ಮೇಲೆ ಇನ್ನೊಂದು ದೊಡ್ಡ ಮಸುಕು ಕಲೆಯ ಚಿತ್ರ ಹೊದಿಸಿ. ಅದರ ಅಳತೆ ಟೈಲಿನ ಎರಡು ಪಟ್ಟು, ನಾಲ್ಕು ಪಟ್ಟು ಬೇಡ, 4.7 ಪಟ್ಟು ಅಂತ ಏನಾದರೂ ಇರಲಿ. ಎರಡೂ ಒಟ್ಟಿಗೆ ಒಂದೇ ಜಾಗದಲ್ಲಿ ಮತ್ತೆ ಸೇರಲು ಬಹಳ ದೂರ ಹೋಗಬೇಕಾಗುತ್ತದೆ. ನಮ್ಮ ಕಡೆಯ ಗೋಡೆಗೆ ಇದು ಸಹಜವೂ ಹೌದು. ಬುಡದಲ್ಲಿ ಮಳೆ ಎರಚಲಿನ ಕೆಂಪು, ಸೂರಿನ ನೀರು ಬೀಳುವ ಕಡೆ ಕಪ್ಪು ಪಟ್ಟೆ ಇದ್ದೇ ಇರುತ್ತದೆ ಅಲ್ವಾ?

ಹೆಂಚಿನ ಸೂರನ್ನು ಟೈಲ್ ಮಾಡುವುದು ಹೇಗೆ?

ಮಂಗಳೂರು ಹೆಂಚು ಯಂತ್ರದ ಅಚ್ಚಿನಲ್ಲಿ ಆದದ್ದು, ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದಾಗಿನಿಂದ ಹೀಗೇ. ಎಲ್ಲ ಹೆಂಚೂ ಒಂದೇ ಆಕಾರ. ಅದರಿಂದ ಒಂದು ಅನುಕೂಲ: ಪುನರಾವರ್ತನೆ ಕಂಡರೆ ತಪ್ಪಲ್ಲ. ಒಂದು ಅನನುಕೂಲ: ಅರ್ಧ ಪಿಕ್ಸೆಲ್ ಸೊಟ್ಟ ಆದರೂ ಗೊತ್ತಾಗುತ್ತದೆ.

ಇಡೀ ಸೂರಿನ ಫೋಟೊ ತೆಗೆದು ಕತ್ತರಿಸುವುದಕ್ಕಿಂತ ಒಂದೊಂದೇ ಹೆಂಚಿನಿಂದ ಕಟ್ಟುವುದು ನನಗೆ ಹಿಡಿಸಿದ ದಾರಿ. ಕೆಳಗಿಳಿಸಿಟ್ಟ ಹಳೇ ಹೆಂಚು ಆರೇಳು ಆರಿಸಿ: ಒಂದು ಕೆಂಪು, ಒಂದು ಪಾಚಿ ಹಿಡಿದದ್ದು, ಒಂದು ಹೊಗೆಗೆ ಕಪ್ಪಾದದ್ದು. ಒಂದೊಂದನ್ನೂ ನೇರ ಮೇಲಿನಿಂದ ಫೋಟೊ ತೆಗೆದು ಬೇರೆ ಬೇರೆ ಲೇಯರ್ ಮಾಡಿ. 1024 ಅಗಲದಲ್ಲಿ ಎಂಟು ಹೆಂಚು ಅಂದರೆ ಒಂದಕ್ಕೆ 128 ಪಿಕ್ಸೆಲ್, ಗ್ರಿಡ್ಡು ಹಾಕಿ ಕೂರಿಸಿ. ಕೆಳಗಿನ ಸಾಲು ಮೊದಲು, ಮೇಲಿನ ಸಾಲು ಅದರ ಮೇಲೆ ಸ್ವಲ್ಪ ಹೊದ್ದುಕೊಂಡು, ಹೆಂಚು ಹೊದಿಸುವವರು ಮಾಡುವ ಕ್ರಮದಲ್ಲೇ. ಸಾಲಿನ ಕೆಳ ಅಂಚಿಗೆ ತೆಳ್ಳಗೆ ಕಪ್ಪು ನೆರಳು ಕೊಟ್ಟರೆ ದಪ್ಪ ಕಾಣುತ್ತದೆ. ಮೇಲ್ತುದಿಯ ಸಾಲಿನ ಮೇಲೆ ಕೆಳತುದಿಯ ಸಾಲು ಬಂದು ಕೂರುವ ಕಡೆಯನ್ನು ಆಫ್‌ಸೆಟ್ ಮಾಡಿ ಪರೀಕ್ಷಿಸಿ, ಸಾಮಾನ್ಯವಾಗಿ ಕೈಕೊಡುವುದು ಅಲ್ಲೇ.

ಹಸೆ ಚಿತ್ತಾರವನ್ನು ಗೋಡೆಯ ಟೈಲ್ ಆಗಿ ಬಳಸಬಹುದಾ?

ತಾಂತ್ರಿಕವಾಗಿ ಹೇಳಿ ಮಾಡಿಸಿದ ವಸ್ತು. ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಬಿಡಿಸುವ ಚಿತ್ತಾರ ಅಳತೆಯ ಗೆರೆಗಳಿಂದ ಆದದ್ದು. ಕೆಮ್ಮಣ್ಣಿನ ಹಿನ್ನೆಲೆ, ಅಕ್ಕಿಯ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ನಾಲ್ಕೇ ಬಣ್ಣ ಆದ್ದರಿಂದ ಫೈಲ್ ಕೂಡ ಚಿಕ್ಕದು.

ಆದರೆ ಹಸೆ ಗೋಡೆ ಅಂದರೆ ವಾಲ್‌ಪೇಪರ್ ಅಲ್ಲ. ಅದು ಮದುವೆ ಮನೆಯಲ್ಲಿ ಒಂದು ಜಾಗದಲ್ಲಿ, ಒಂದು ಚೌಕಟ್ಟಿನೊಳಗೆ ಬರುವಂಥದ್ದು. ಇಡೀ ಊರಿನ ಗೋಡೆಗೆಲ್ಲ ಹಾಸಿದರೆ ಗೊತ್ತಿದ್ದವರಿಗೆ ಕಿರಿಕಿರಿ. ಅಂಚಿನ ಪಟ್ಟಿಯನ್ನು ಮಾತ್ರ ಒಂದು ದಿಕ್ಕಿಗೆ ಹಾಸುವ ಟೈಲ್ ಮಾಡಿ, ನಡುವಿನ ಚಿತ್ರವನ್ನು ಒಂದೇ ಡೆಕಾಲ್ ಮಾಡಿ ಇಡುವುದು ಮರ್ಯಾದೆ. ಬಿಡಿಸಿದವರನ್ನು ಕೇಳಿ, ದುಡ್ಡು ಕೊಡುವುದಿದ್ದರೆ ಕೊಟ್ಟು, ಗೇಮ್‌ನಲ್ಲಿ ಹೆಸರು ಹಾಕಿ. ನೀವೇ ಬಿಡಿಸುವುದಾದರೆ ರೂಲರ್ ಗೆರೆ ಬೇಡ. ಪುಂಡಿ ನಾರಿನ ಕುಂಚದ ಗೆರೆ ಒಂದೇ ದಪ್ಪ ಇರುವುದಿಲ್ಲ, ಆ ಸಣ್ಣ ಏರುಪೇರು ಹೋದರೆ ಕಂಪ್ಯೂಟರ್ ವಾಸನೆ ಹೊಡೆಯುತ್ತದೆ.

ಫೋಟೊ ಇಲ್ಲದೆ ಕೆಂಪು ಮಣ್ಣು ಮಾಡಬಹುದಾ?

ಮಾಡಬಹುದು. ಫಿಲ್ಟರ್ಸ್‌ನಲ್ಲಿ 'ರೆಂಡರ್', 'ನಾಯ್ಸ್', 'ಸಾಲಿಡ್ ನಾಯ್ಸ್'. ಅಲ್ಲಿ 'ಟೈಲಬಲ್' ಅಂತ ಒಂದು ಗುರುತು ಇದೆ, ಅದನ್ನು ಹಾಕಿದರೆ ಅಂಚಿನ ಚಿಂತೆಯೇ ಇಲ್ಲ. ಬಂದ ಬೂದು ಮೋಡಕ್ಕೆ 'ಗ್ರೇಡಿಯೆಂಟ್ ಮ್ಯಾಪ್'ನಿಂದ ಗಾಢ ಕಂದಿನಿಂದ ಇಟ್ಟಿಗೆ ಕೆಂಪಿನವರೆಗಿನ ಬಣ್ಣ ಕೊಡಿ. ಬಣ್ಣವನ್ನು ಮಾತ್ರ ಊಹಿಸಬೇಡಿ, ನಿಮ್ಮೂರ ಧರೆಯ ಫೋಟೊದಿಂದ ಪಿಪೆಟ್‌ನಲ್ಲಿ ಎತ್ತಿ.

ಮಳೆಯಲ್ಲಿ ನೆನೆದ ಗೋಡೆ, ನೆಲ ತೋರಿಸುವುದು ಹೇಗೆ?

3ಡಿ ಗೇಮ್ ಆದರೆ ಬಣ್ಣದ ಚಿತ್ರದ ಜೊತೆ ಇನ್ನೆರಡು ಚಿತ್ರ ಬೇಕು. ಒಂದು 'ರಫ್‌ನೆಸ್', ಮೇಲ್ಮೈ ಎಷ್ಟು ಒರಟು ಅನ್ನುವುದು. ಬಿಳಿ ಅಂದರೆ ಒರಟು, ಕಪ್ಪು ಅಂದರೆ ನುಣುಪು. ಇನ್ನೊಂದು 'ನಾರ್ಮಲ್ ಮ್ಯಾಪ್', ಉಬ್ಬು ತಗ್ಗಿನ ದಿಕ್ಕು ಹೇಳುವ ನೀಲಿ ಚಿತ್ರ. ನೆನೆದದ್ದು ತೋರಿಸಲು ಬಣ್ಣವನ್ನು ಸ್ವಲ್ಪ ಗಾಢ ಮಾಡಿ, ರಫ್‌ನೆಸ್ ಕಪ್ಪಿನ ಕಡೆ ಇಳಿಸಿ. ಎಲ್ಲ ಕಡೆ ಒಂದೇ ಸಮ ಇಳಿಸಿದರೆ ಪ್ಲಾಸ್ಟಿಕ್ ಹೊದಿಸಿದ ಹಾಗೆ ಕಾಣುತ್ತದೆ. ನೀರು ನಿಲ್ಲುವ ಸಂದು, ತಗ್ಗುಗಳಲ್ಲಿ ಜಾಸ್ತಿ ಇಳಿಸಿ, ಉಬ್ಬಿದ ಕಡೆ ಕಡಿಮೆ.

2ಡಿ ಗೇಮ್‌ಗೆ ಇಷ್ಟೆಲ್ಲ ಬೇಡ. ಒಣ ಟೈಲ್, ನೆನೆದ ಟೈಲ್ ಎರಡು ಮಾಡಿ, ಮಳೆ ಶುರುವಾದಾಗ ಒಂದರಿಂದ ಇನ್ನೊಂದಕ್ಕೆ ನಿಧಾನ ಬದಲಿಸಿ.

ನಾರ್ಮಲ್ ಮ್ಯಾಪ್ ಹಾಕಿದರೆ ಪಾಚಿ ಇರುವ ಕಡೆಯೆಲ್ಲ ಗುಂಡಿ ಬೀಳುತ್ತದೆ. ಯಾಕೆ?

ಜಿಂಪ್‌ನ ನಾರ್ಮಲ್ ಮ್ಯಾಪ್ ಫಿಲ್ಟರ್‌ಗೆ ಕಲ್ಲು, ಪಾಚಿ ಅಂತ ಗೊತ್ತಿಲ್ಲ. ಬಿಳಿ ಇದ್ದರೆ ಎತ್ತರ, ಕಪ್ಪಿದ್ದರೆ ತಗ್ಗು, ಅಷ್ಟೇ ಅದರ ಲೆಕ್ಕ. ಪಾಚಿ ಕಲ್ಲಿಗಿಂತ ಕಪ್ಪು, ಆದರೆ ಕಲ್ಲಿನ ಮೇಲೆ ಮೆತ್ತೆಯ ಹಾಗೆ ಉಬ್ಬಿರುತ್ತದೆ. ಹಾಗಾಗಿ ಫಿಲ್ಟರ್ ಅದನ್ನು ಗುಂಡಿ ಮಾಡುತ್ತದೆ. ಮಲೆನಾಡಿನ ಯಾವ ಹಳೇ ಗೋಡೆಗೂ ಈ ತಕರಾರು ಇದ್ದದ್ದೇ.

ದಾರಿ ಇದು. ಚಿತ್ರದ ಬೂದು ಪ್ರತಿ ಮಾಡಿ. ಬಣ್ಣದ ಚಿತ್ರದಲ್ಲಿ 'ಸೆಲೆಕ್ಟ್ ಬೈ ಕಲರ್' ಟೂಲ್‌ನಿಂದ ಹಸಿರನ್ನೆಲ್ಲ ಆರಿಸಿ, ಆಯ್ಕೆಯ ಅಂಚು ಸ್ವಲ್ಪ ಮೃದು ಮಾಡಿ, ಬೂದು ಪ್ರತಿಯಲ್ಲಿ ಆ ಜಾಗವನ್ನು ಬೆಳ್ಳಗೆ ಮಾಡಿ. ಜಂಬಿಟ್ಟಿಗೆಯ ತೂತುಗಳು ಕಪ್ಪಾಗಿಯೇ ಇರಲಿ, ಅವು ನಿಜವಾದ ತಗ್ಗು. ಆಮೇಲೆ ಫಿಲ್ಟರ್ ಹಾಕಿ. ಅಂಚು ಕೆಡದಿರಲು ಬೂದು ಪ್ರತಿಯನ್ನು ಮೂರು ಅಡ್ಡ, ಮೂರು ಉದ್ದ ಹಾಸಿ, ಅದಕ್ಕೆ ಫಿಲ್ಟರ್ ಹಾಕಿ, ನಡುವಿನ ಒಂದು ಚೌಕವನ್ನು ಕತ್ತರಿಸಿಕೊಂಡರೆ ಸರಿ.

ಎಲ್ಲವೂ ತಿರುಗುಮುರುಗು, ಉಬ್ಬೆಲ್ಲ ತಗ್ಗು ಅಂತ ಕಂಡರೆ ಕಾರಣ ಬೇರೆ. ಯೂನಿಟಿ, ಗೊಡೊ ಎಂಜಿನ್‌ಗಳು, 3ಡಿ ಸಾಫ್ಟ್‌ವೇರ್ ಬ್ಲೆಂಡರ್ ಒಂದು ಪದ್ಧತಿ, ಅನ್‌ರಿಯಲ್ ಇನ್ನೊಂದು. ಹಸಿರು ಚಾನೆಲ್ (ಚಿತ್ರದ ಕೆಂಪು, ಹಸಿರು, ನೀಲಿ ಭಾಗಗಳಲ್ಲಿ ಹಸಿರಿನದು) ಒಂದನ್ನೇ ಉಲ್ಟಾ ಮಾಡಿದರೆ ಸರಿಹೋಗುತ್ತದೆ. ಹಸಿರು ಚಾನೆಲ್ ಮಾತ್ರ ತೆರೆದು ನೋಡಿದಾಗ ಬೆಳಕು ಮೇಲಿನಿಂದ ಬಿದ್ದ ಹಾಗೆ ಕಂಡರೆ ಮೊದಲಿನ ಮೂರಕ್ಕೆ, ಕೆಳಗಿನಿಂದ ಬಿದ್ದ ಹಾಗೆ ಕಂಡರೆ ಅನ್‌ರಿಯಲ್‌ಗೆ. ಇನ್ನೊಂದು ಮಾತು: ಎಂಜಿನ್‌ಗೆ ಇದು ನಾರ್ಮಲ್ ಮ್ಯಾಪ್ ಅಂತ ಹೇಳಲೇಬೇಕು. ಬಣ್ಣದ ಚಿತ್ರ ಅಂತ ತಿಳಿದರೆ ಅದು ಬೆಳಕಿನ ಲೆಕ್ಕ ತಪ್ಪಿಸುತ್ತದೆ.

ಮಣ್ಣಿನ ದಾರಿ ಹುಲ್ಲಿಗೆ ಸೇರುವ ಕಡೆಗೆ ಎಷ್ಟು ಟೈಲ್ ಬೇಕು?

ನಾಲ್ಕು ಪಕ್ಕಗಳನ್ನು ಮಾತ್ರ ನೋಡಿದರೆ 16. ಪ್ರತಿ ಪಕ್ಕದಲ್ಲಿ ಹುಲ್ಲು ಇದೆ ಅಥವಾ ಇಲ್ಲ, ಎರಡನ್ನು ನಾಲ್ಕು ಸಲ ಗುಣಿಸಿ. ಮೂಲೆಗಳನ್ನೂ ಲೆಕ್ಕಕ್ಕೆ ತಗೊಂಡರೆ 47 ಆಗುತ್ತದೆ. ಸಣ್ಣ ಗೇಮ್‌ಗೆ 16 ಸಾಕು. ಎಲ್ಲವನ್ನೂ ಬಿಡಿಸಬೇಡಿ. ಮಣ್ಣಿನ ಟೈಲ್ ಕೆಳಗೆ, ಹುಲ್ಲಿನ ಟೈಲ್ ಮೇಲೆ ಇಟ್ಟು, ಹುಲ್ಲಿಗೆ ಲೇಯರ್ ಮಾಸ್ಕ್ (ಎಲ್ಲಿ ಕಾಣಬೇಕು, ಎಲ್ಲಿ ಬೇಡ ಅಂತ ಹೇಳುವ ಕಪ್ಪು ಬಿಳಿ ಚಿತ್ರ) ಹಾಕಿ. ಮಾಸ್ಕ್‌ಗಳನ್ನು ಒಮ್ಮೆ ಮಾಡಿದರೆ ಮಣ್ಣು-ದರಕು, ಕಲ್ಲು-ಪಾಚಿ ಎಲ್ಲಕ್ಕೂ ಅವೇ ಬರುತ್ತವೆ.

ಮೇಲಿನಿಂದ ಓರೆಯಾಗಿ ಕಾಣುವ ಐಸೊಮೆಟ್ರಿಕ್ ಟೈಲ್?

ಚೌಕದ ಟೈಲನ್ನು 45 ಡಿಗ್ರಿ ತಿರುಗಿಸಿ, ಆಮೇಲೆ ಅಗಲ 64, ಎತ್ತರ 32 ಹೀಗೆ ಎರಡಕ್ಕೆ ಒಂದರ ಅಳತೆಗೆ ತನ್ನಿ. ಅಳತೆ ಬದಲಿಸುವಾಗ ಅಗಲ ಎತ್ತರದ ನಡುವಿನ ಸರಪಳಿ ಬಿಚ್ಚಿರಬೇಕು. ಅಂಚಿನಲ್ಲಿ ಅರೆಪಾರದರ್ಶಕ ಪಿಕ್ಸೆಲ್ ಉಳಿಯುತ್ತವೆ, ಅವನ್ನು ಗಟ್ಟಿ ಮಾಡದಿದ್ದರೆ ಹಾಸಿದಾಗ ಕೂದಲೆಳೆಯಂಥ ಸಂದು ಕಾಣುತ್ತದೆ.

ಜಿಂಪ್‌ನಲ್ಲಿ ಸರಿಯಾಗಿದೆ, ಗೇಮ್‌ನಲ್ಲಿ ಮಾತ್ರ ಟೈಲ್‌ಗಳ ನಡುವೆ ತೆಳ್ಳನೆ ಗೆರೆ ಮಿನುಗುತ್ತದೆ.

ಅದು ನಿಮ್ಮ ಚಿತ್ರದ ತಪ್ಪಲ್ಲ. ಹಲವು ಟೈಲ್ ಒಂದೇ ಹಾಳೆಯಲ್ಲಿ ಒತ್ತೊತ್ತಾಗಿ ಇದ್ದರೆ ಎಂಜಿನ್ ಅಂಚಿನ ಬಣ್ಣ ಲೆಕ್ಕ ಹಾಕುವಾಗ ಪಕ್ಕದ ಟೈಲಿನ ಬಣ್ಣವನ್ನೂ ಎಳೆದುಕೊಳ್ಳುತ್ತದೆ. ಪ್ರತಿ ಟೈಲಿನ ಸುತ್ತ ಅದರದೇ ಅಂಚಿನ ಪಿಕ್ಸೆಲ್‌ಗಳನ್ನು ಒಂದೆರಡು ಸಾಲು ಹೊರಗೆ ಎಳೆದು ತುಂಬಿ. ಪಿಕ್ಸೆಲ್ ಆರ್ಟ್ ಆದರೆ ಎಂಜಿನ್‌ನಲ್ಲಿ ಟೈಲಿನ ಫಿಲ್ಟರ್ 'ನಿಯರೆಸ್ಟ್' ಇರಲಿ, ಕ್ಯಾಮೆರಾ ಪೂರ್ಣ ಪಿಕ್ಸೆಲ್ ಲೆಕ್ಕದಲ್ಲೇ ಸರಿಯಲಿ.

ಜೆಪೆಗ್‌ನಲ್ಲಿ ಸೇವ್ ಮಾಡಬಹುದಾ?

ಬೇಡ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್ ಚೌಕಗಳಾಗಿ ಒಡೆದು ಕುಗ್ಗಿಸುತ್ತದೆ, ಅಂಚಿನಲ್ಲಿ ಬಣ್ಣ ಸ್ವಲ್ಪ ಬದಲಾಗಿ ಅಳಿಸಿದ ಗೆರೆ ಮತ್ತೆ ಬರಬಹುದು. ಕೆಲಸದ ಫೈಲ್ ಜಿಂಪ್‌ನ ಎಕ್ಸ್‌ಸಿಎಫ್, ಗೇಮ್‌ಗೆ ಪಿಎನ್‌ಜಿ. ಫೈಲ್ ಚಿಕ್ಕದು ಅಂತ 4096ರ ಟೈಲ್ ಹಾಕುವವರಿಗೆ ಒಂದು ಲೆಕ್ಕ: ಡಿಸ್ಕ್‌ನಲ್ಲಿ ಎಷ್ಟೇ ಇರಲಿ, ಕುಗ್ಗಿಸದೆ ಮೆಮೊರಿಗೆ ಏರಿದಾಗ 1024ರದ್ದು 4 ಎಂಬಿ, 2048ರದ್ದು 16, 4096ರದ್ದು 64. ಬಡ ಮೊಬೈಲ್‌ನಲ್ಲಿ ನಾಲ್ಕು ಗೋಡೆಗೇ ಗೇಮ್ ಮಲಗುತ್ತದೆ.

ಇಂಟರ್ನೆಟ್‌ನಲ್ಲಿ ಸಿಗುವ ಟೆಕ್ಸ್ಚರ್ (ಮೇಲ್ಮೈಯ ಚಿತ್ರ) ಬಳಸಿದರೆ ಆಗದಾ?

ವೆಬ್‌ಸೈಟ್‌ಗಳಾದ ಪಾಲಿ ಹೇವನ್, ಆಂಬಿಯೆಂಟ್‌ಸಿಜಿಯಲ್ಲಿ ಸಿಗುವವು ಯಾವ ಷರತ್ತೂ ಇಲ್ಲದೆ, ಮಾರುವ ಗೇಮ್‌ಗೂ ಬಳಸಬಹುದಾದವು. ಸುಮ್ನೆ ಹುಡುಕಿದಾಗ ಸಿಕ್ಕ ಫೋಟೊ ಹಾಗಲ್ಲ, ಅದು ಯಾರದೋ ಸ್ವತ್ತು. ಸಿಮೆಂಟು, ಕಬ್ಬಿಣ, ಮರಳಿಗೆ ನಾನೂ ಅಲ್ಲಿಂದಲೇ ತಗೊಳ್ಳುತ್ತೇನೆ, ಮತ್ತೆ ಮಾಡುವ ಉಸಾಬರಿ ಯಾಕೆ? ಜಂಬಿಟ್ಟಿಗೆ, ದರಕು, ಹೆಂಚಿಗೆ ಮಾತ್ರ ಕ್ಯಾಮೆರಾ ಹಿಡಿದು ಹೊರಗೆ ಹೋಗುವುದೇ ಸರಿ. ಯುರೋಪಿನ ಕಾಡಿನ ಎಲೆ ಹಾಸಿದ ತೋಟದಲ್ಲಿ ಅಡಿಕೆ ಮರ ನಿಲ್ಲಿಸಿದರೆ ಇಲ್ಲಿಯ ಮಕ್ಕಳೂ ನಗುತ್ತಾರೆ.

ಇಕ್ಕೇರಿ, ಕೆಳದಿ ದೇವಸ್ಥಾನದ ಕಲ್ಲು ಬಳಸಬಹುದಾ?

ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್, ಡ್ರೋನ್, ವ್ಯಾಪಾರದ ಚಿತ್ರೀಕರಣಕ್ಕೆ ಅನುಮತಿ ಬೇಕಾಗುತ್ತದೆ, ಹೋಗುವ ಮೊದಲು ಅಲ್ಲಿಯ ಕಚೇರಿಯಲ್ಲಿ ಕೇಳಿ. ಪಾಚಿ ಕೆರೆದು, ನೀರು ಎರಚಿ 'ಒಳ್ಳೆ ಟೆಕ್ಸ್ಚರ್' ಮಾಡಲು ಹೋಗಬೇಡಿ. ಕೆತ್ತನೆ ಟೈಲ್‌ಗೆ ಬರುವುದೂ ಇಲ್ಲ. ನಿಮಗೆ ಬೇಕಾದದ್ದು ಕೆತ್ತನೆ ಇಲ್ಲದ ಖಾಲಿ ಗೋಡೆಯ ಕಲ್ಲು, ಅದು ಊರ ಹಳೇ ಕಟ್ಟೆಯಲ್ಲೂ ಸಿಗುತ್ತದೆ.

ಲ್ಯಾಪ್‌ಟಾಪ್ ಹಳೇದು, 4 ಜಿಬಿ ರ‍್ಯಾಮ್. ನಡೆಯುತ್ತದಾ?

2048ರವರೆಗೆ ನಡೆಯುತ್ತದೆ. ಮೊಬೈಲ್‌ನ ದೊಡ್ಡ ಫೋಟೊವನ್ನು ತೆರೆದ ತಕ್ಷಣ ಕತ್ತರಿಸಿ ಚಿಕ್ಕದು ಮಾಡಿ, ಬೇಡದ ಲೇಯರ್ ಒಗ್ಗೂಡಿಸಿ, ಬ್ರೌಸರ್ ಮುಚ್ಚಿ. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆ ಅಂತ ಹೇಳಲು ಬರುವುದಿಲ್ಲ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಆದರೆ ಪ್ರತಿ ಹಂತಕ್ಕೂ 'ಕಂಟ್ರೋಲ್ ಎಸ್' ಒತ್ತಿ, ಆಫ್‌ಸೆಟ್ ಮಾಡುವ ಮೊದಲು ಬೇರೆ ಹೆಸರಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ.